ಮೂವತ್ತೆರಡನೆಯ ಮನೆ

ಎರ್ಲ್‌ಬಾಖ್, 9 ಜನವರಿ 1876

ಪ್ರೀತಿಯ ಆಂದ್ರೇಸ್,

ಕೆಳಬೀದಿಯ ನೆರೆಕೂಟಕ್ಕೆ ಈ ವರ್ಷವೂ ನನ್ನನ್ನೇ ಹಿರಿಯನೆಂದು ಉಳಿಸಿಕೊಂಡಿದ್ದಾರೆ. ಕೂಟದ ದಾಖಲೆಗಳ ಪೆಟ್ಟಿಗೆ ನಮ್ಮ ಮನೆಯಲ್ಲೇ ಇರುವುದರಿಂದ ನೀನು ಕೇಳಿದ ಕಟ್ಟಳೆಗಳನ್ನು ಹುಡುಕುವುದು ಕಷ್ಟವಾಗಲಿಲ್ಲ; ಓದುವುದು ಕಷ್ಟವಾಯಿತು. ನಾನು ನಕಲು ಮಾಡುವಾಗ ನಿನ್ನ ಅಮ್ಮ ಪಕ್ಕದಲ್ಲಿ ನೂಲುತ್ತ ಕೂತಿದ್ದಳು. "ಕೋಳಿ ಕೆದರಿದ ಹಾಗಿದೆ. ಇದನ್ನ ನೋಡಿ ರಾಜಧಾನಿ ಪೆಸ್ಟ್‌ನ ಮಂತ್ರಿಗಳು ನಮ್ಮನ್ನ ಬಿಟ್ಟುಬಿಡ್ತಾರಾ?" ಎಂದಳು. ಬಿಡಲಿಕ್ಕಿಲ್ಲ. ಆದರೂ ನಮ್ಮ ಸ್ಯಾಕ್ಸನ್ ಊರುಗಳ ಆಡಳಿತ ನೋಡುವ ಪೀಠದ ಬಗ್ಗೆ ನೀನು ಬರೆಯುತ್ತಿರುವ ಚರಿತ್ರೆಯಲ್ಲಿ ಇವು ಇರಲಿ. ಆರುನೂರೈವತ್ತು ವರ್ಷ ನಮ್ಮ ನ್ಯಾಯಾಧೀಶನನ್ನು ನಾವೇ ಆರಿಸಿಕೊಂಡೆವು, ಯಾವ ಜಮೀನ್ದಾರನಿಗೂ ಬಿಟ್ಟಿ ದುಡಿಯಲಿಲ್ಲ. ಈಗ ಆ ಮಂತ್ರಿಗಳ ಒಂದು ಕಾಯಿದೆಯಿಂದ ಅದು ಮುಗಿಯುವುದಾದರೆ, ಮುಗಿದದ್ದು ಏನೆಂದಾದರೂ ನಾಲ್ಕು ಜನ ಓದಲಿ.

ಮೂರನೆಯ ಕಟ್ಟಳೆಯನ್ನು ನೀನು ಖಂಡಿತ ಬಳಸಿಕೊಳ್ಳಬೇಕು. ನೆರೆಕೂಟದ ಹಲಗೆ ಯಾರ ಮನೆಗೆ ಬಂತೋ ಅವರು ಅದಕ್ಕೆ ಅಂಟಿಸಿದ ಸುದ್ದಿಯನ್ನು ಓದಿ, ತಡಮಾಡದೆ ಪಕ್ಕದ ಮನೆಗೆ ತಾವೇ ಒಯ್ದು ಕೊಡಬೇಕು. ಸಾವಾಗಲಿ, ಬೆಂಕಿಯಾಗಲಿ, ಬಾವಿ ಶುಚಿಮಾಡುವ ಕೆಲಸವಾಗಲಿ, ಒಂದು ಗಂಟೆಯೊಳಗೆ ಇಡೀ ಬೀದಿಗೆ ತಿಳಿಯುತ್ತದೆ. ಹಲಗೆಯನ್ನು ತಡೆದಿಟ್ಟುಕೊಂಡವನಿಗೆ ಒಂದು ಪೌಂಡ್ ಮೇಣದ ದಂಡ. ಇನ್ನೂರು ವರ್ಷಗಳಲ್ಲಿ ಆ ದಂಡ ಕಟ್ಟಿದವರು ನಾಲ್ಕೇ ಜನ.

ಚರ್ಚಿನ ಸುತ್ತಲಿನ ಕೋಟೆಯ ಗೋಪುರದಲ್ಲಿ ನಿನ್ನ ಪಾಲಿನ ಉಪ್ಪುಮಾಂಸ ನಮ್ಮ ಮುದ್ರೆ ಒತ್ತಿಸಿಕೊಂಡು ತೂಗುತ್ತಿದೆ. ಯಾವಾಗ ಬಂದು ಕೊಯ್ದುಕೊಂಡು ಹೋಗುತ್ತೀ ಎಂದು ಅಮ್ಮ ಕೇಳುತ್ತಾಳೆ.

ನಿನ್ನ ಅಪ್ಪ,
ಸಿಮೋನ್ ಗುನೆಶ್


ಹರ್ಮಾನ್‌ಷ್ಟಾಟ್, 23 ಜನವರಿ 1876

ಗೌರವದ ಅಪ್ಪನಿಗೆ,

ನಿಮ್ಮ ನಕಲು ಬಂದ ದಿನವೇ ಅದನ್ನು ದಾಖಲೆಕೋಣೆಯ ಹಿರಿಯರಿಗೆ ತೋರಿಸಿದೆ. ಹಲಗೆಯ ಕಟ್ಟಳೆಯನ್ನು ಅವರು ಎರಡು ಸಲ ಓದಿಸಿಕೊಂಡರು. ಆಮೇಲೆ ಒಂದು ಮಾತು ಹೇಳಿದರು, ಅದು ಸರಿಯೆನಿಸಿತು. ಹಳೆಯದನ್ನಷ್ಟೇ ತೋರಿಸಿದರೆ ಪೆಸ್ಟ್‌ನವರು ಇದೆಲ್ಲ ಧೂಳು ಹಿಡಿದ ಸಾಮಾನು ಎನ್ನುತ್ತಾರೆ. ನಮ್ಮ ವ್ಯವಸ್ಥೆ ಇವತ್ತಿಗೂ ಜನರ ಜೀವ ಕಾಯುತ್ತಿದೆ ಎನ್ನುವುದಕ್ಕೆ ಒಂದು ಉದಾಹರಣೆ ಬೇಕು.

ನನಗೆ ತಕ್ಷಣ ನೆನಪಾದದ್ದು 1865ರ ಜ್ವರದ ಬೇಸಿಗೆ. ಮೇಲ್ಬೀದಿಯಲ್ಲಿ ಒಂಬತ್ತು ಜನ ತೀರಿಕೊಂಡಿದ್ದರು. ಪೀಠದ ವೈದ್ಯರು ನಮ್ಮ ಬಾವಿಯನ್ನೂ ನೋಡಿ ನೀರು ಕೆಟ್ಟಿದೆ ಎಂದರು. ಕೋಟೆಯೊಳಗಿನ ಬಾವಿಯಿಂದಲೇ ನೀರು ತರಬೇಕೆಂದು ಹಲಗೆ ಹೊರಟಿತು, ಕೆಳಬೀದಿಯಲ್ಲಿ ಒಬ್ಬರೂ ಸಾಯಲಿಲ್ಲ. ನಮ್ಮೂರ ಚರ್ಚಿನ ಮರಣದ ಪುಸ್ತಕದ ನಕಲನ್ನು ಇಲ್ಲಿಯೇ ನೋಡಿದೆ, ಆ ಬೇಸಿಗೆಯ ಪುಟಗಳಲ್ಲಿ ನಮ್ಮ ಬೀದಿಯ ಹೆಸರಿಲ್ಲ. ನೆರೆಕೂಟದ ಪುಸ್ತಕದಲ್ಲಿ ಇದರ ಬಗ್ಗೆ ಏನು ಬರೆದಿದೆಯೋ ಅಷ್ಟನ್ನು ಅದರ ಮಾತಿನಲ್ಲೇ ಕಳಿಸಿ.

ಅಮ್ಮನಿಗೆ ಹೇಳಿ, ಮಾಂಸ ಈಸ್ಟರ್‌ವರೆಗೆ ತೂಗಲಿ.

ಆಂದ್ರೇಸ್


ಎರ್ಲ್‌ಬಾಖ್, 6 ಫೆಬ್ರವರಿ 1876

ಪ್ರೀತಿಯ ಆಂದ್ರೇಸ್,

ನೀನು ಕೇಳಿದ್ದು ಪುಸ್ತಕದಲ್ಲಿ ಹೀಗಿದೆ: "1865, ಜುಲೈ. ವೈದ್ಯರ ಮಾತಿನಂತೆ ಬಾವಿಯನ್ನು ಬಿಡಲಾಯಿತು. ಹಲಗೆ ಅದೇ ಮುಂಜಾನೆ ಎಲ್ಲ ಮೂವತ್ತೊಂದು ಮನೆಗಳನ್ನು ಮುಟ್ಟಿತು. ದೇವರ ದಯೆಯಿಂದ ನೆರೆಕೂಟದಲ್ಲಿ ಸಾವಿಲ್ಲ." ಆಗ ಹಿರಿಯನಾಗಿದ್ದ ಮಥಿಯಾಸ್ ಲುಚ್ ಬರೆದದ್ದು.

ಇದನ್ನು ಬಿಟ್ಟು ಬೇರೆ ಉದಾಹರಣೆ ಸಾಕಾಗುವುದಾದರೆ, 1871ರಲ್ಲಿ ಬೋಚ್‌ನ ಕಣಜಕ್ಕೆ ಬೆಂಕಿ ಬಿದ್ದಾಗಿನದು ಚೆನ್ನಾಗಿದೆ.

ನಿನ್ನ ಅಪ್ಪ

ಮಗನೇ, ಇದು ಅಮ್ಮ ಬರೆಯುವುದು. ಈ ಆರು ಸಾಲು ಬರೆಯುವುದಕ್ಕೆ ಅಪ್ಪ ಮೂರು ದಿನ ತೆಗೆದುಕೊಂಡರು. ಕಾಗದ ಎರಡು ಸಲ ಒಲೆಗೆ ಹೋಯಿತು. ನಾನು ಕೇಳಿದರೆ ಶಾಯಿ ಸರಿಯಿಲ್ಲ ಎನ್ನುತ್ತಾರೆ.


ಹರ್ಮಾನ್‌ಷ್ಟಾಟ್, 19 ಮಾರ್ಚ್ 1876

ಗೌರವದ ಅಪ್ಪನಿಗೆ,

ಪುಸ್ತಕ ಅಚ್ಚಾಗಿದೆ. ನಲವತ್ತೆಂಟು ಪುಟ. ಇಪ್ಪತ್ತು ಪ್ರತಿಗಳನ್ನು ಪಾದ್ರಿಗಳ ಹೆಸರಿಗೆ ಕಳಿಸಿದ್ದೇನೆ. ಪೆಸ್ಟ್‌ನಲ್ಲಿ ಚರ್ಚೆ ನಡೆಯುತ್ತಿರುವ ಹೊತ್ತಿಗೇ ಹೊರಬಂತು. ಕಳೆದ ಗುರುವಾರ ಪೀಠದ ಸಭೆಯಲ್ಲಿ ಜ್ವರದ ಬೇಸಿಗೆಯ ಭಾಗವನ್ನು ನಾನೇ ಓದಿದೆ. "ಎಲ್ಲ ಮೂವತ್ತೊಂದು ಮನೆಗಳನ್ನು ಮುಟ್ಟಿತು" ಎಂಬಲ್ಲಿ ಚಪ್ಪಾಳೆ ಬಿತ್ತು. ಒಬ್ಬ ಮುದುಕರು ಕಣ್ಣು ಒರೆಸಿಕೊಂಡರು. ಬೋಚ್‌ನ ಕಣಜದ ಕಥೆಯನ್ನು ಬಳಸಲಿಲ್ಲ. ಬೆಂಕಿ ಎಲ್ಲ ಊರಿನಲ್ಲೂ ಆರುತ್ತದೆ.

ದಾಖಲೆಕೋಣೆಯ ಕೆಲಸ ಖಾಯಂ ಆಗುವ ಮಾತು ನಡೆದಿದೆ. ಈಸ್ಟರ್‌ಗೆ ಬರಲಾಗುವುದಿಲ್ಲ.

ಆಂದ್ರೇಸ್


ಎರ್ಲ್‌ಬಾಖ್, 23 ಏಪ್ರಿಲ್ 1876

ಪ್ರೀತಿಯ ಆಂದ್ರೇಸ್,

ಈಸ್ಟರ್ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಗಳು ಕೋಟೆಯ ಅಂಗಳದಲ್ಲಿ ನಿನ್ನ ಪುಸ್ತಕದಿಂದ ನಮ್ಮ ಬೀದಿಯ ಭಾಗವನ್ನು ಓದಿದರು. ಜನ ಬಂದು ನನ್ನ ಕೈ ಕುಲುಕಿದರು. ನಾನು ಕೈ ಕೊಟ್ಟೆ.

ಮಂಗಳವಾರ ನಾನು ಬೇಲಿ ರಿಪೇರಿ ಮಾಡುತ್ತಿದ್ದೆ. ತೋಮಾ ಬುಕುರ್ ಆಚೆ ಬದಿಗೆ ಬಂದು ನಿಂತ. ನಮ್ಮ ಪಕ್ಕದ ಮನೆ, ವಿಧವೆ ಥೈಲ್‌ಳಿಂದ ಅವನು ಕೊಂಡು ಹದಿನಾಲ್ಕು ವರ್ಷವಾಯಿತು. ಬೀದಿಯಲ್ಲಿ ಅವನೊಬ್ಬನೇ ರೊಮೇನಿಯನ್.

"ಯಜಮಾನ್ರೇ, ನಿಮ್ ಮಗ ಪುಸ್ತಕ ಬರ್ದಿದಾರಂತೆ," ಎಂದ.

"ಹೌದು. ಚಿಕ್ಕದು."

"ನಮ್ ಬೀದಿ ವಿಷಯನೂ ಇದೆಯಂತೆ. ಪಾದ್ರಿ ಮನೆ ಅಡುಗೆಯವಳು ಹೇಳಿದ್ಲು. ಆ ಜ್ವರದ ಬೇಸಿಗೆದು. ಯಾರೂ ಸಾಯ್ಲಿಲ್ಲ ಅಂತ."

ನಾನು ಮೊಳೆಗೆ ಇನ್ನೊಂದು ಪೆಟ್ಟು ಹಾಕಿದೆ. ಅದು ಬಗ್ಗಿತು. "ಅದು ನೆರೆಕೂಟದ ಲೆಕ್ಕ, ತೋಮಾ," ಎಂದೆ.

"ಮೂವತ್ತೊಂದು ಮನೆ ಅಂತೆ. ನಾನು ಇವತ್ತು ಸೇತುವೆಯಿಂದ ಕೋಟೆ ಬಾಗಿಲ್ವರೆಗೂ ನಡ್ಕೊಂಡ್ ಹೋದೆ. ಮೂವತ್ತೆರಡು ಇದಾವೆ. ನಂಗೆ ಓದಕ್ಕೆ ಬರಲ್ಲ, ಎಣಿಸಕ್ಕೆ ಬರುತ್ತೆ."

ಅವನು ಬೇಲಿಯನ್ನು ನೋಡಿ, "ಮೊಳೆ ಬಗ್ಗಿದೆ, ಕಿತ್ತುಬಿಡಿ, ಹಲಗೆ ಸೀಳುತ್ತೆ," ಎಂದು ಹೇಳಿ ಒಳಗೆ ಹೋದ.

ಅವನ ಮಗಳು ಇಲಿಂಕಾಳನ್ನು ನೀನು ಮರೆತಿರಬಹುದು. ಆರು ವರ್ಷ. ಆ ಜುಲೈಯಲ್ಲಿ ಹೋದಳು. ಹೊಳೆಯಾಚೆ ಅವರ ಸ್ಮಶಾನದಲ್ಲಿ ಹೂತರು. ಅದಕ್ಕೇ ನೀನು ನೋಡಿದ ನಮ್ಮ ಚರ್ಚಿನ ಪುಸ್ತಕದಲ್ಲಿ ಅವಳಿಲ್ಲ.

ಹಲಗೆ ನಮ್ಮ ಮನೆಯಿಂದ ಹೋಗಬೇಕಾದದ್ದು ಪಕ್ಕದ ಮನೆಗೆ. ವಿಧವೆ ಥೈಲ್ ಇದ್ದಾಗ ಅವಳಿಗೆ ಕೊಡುತ್ತಿದ್ದೆವು. ತೋಮಾ ಬಂದ ಮೇಲೆ ಮೊದಲ ಸಲ ಹಲಗೆ ಬಂದಾಗ ನಾನು ಅವನ ಬಾಗಿಲು ದಾಟಿ ಆಚೆ ಮನೆಯ ಬೋಚ್‌ನಿಗೆ ಕೊಟ್ಟೆ. ಹಾಗೆ ಮಾಡೆಂದು ಯಾರೂ ಹೇಳಲಿಲ್ಲ, ಸಭೆಯಲ್ಲಿ ತೀರ್ಮಾನವೂ ಆಗಿರಲಿಲ್ಲ. ಬೋಚ್ ಸುಮ್ಮನೆ ತೆಗೆದುಕೊಂಡ. ಅವತ್ತಿನಿಂದ ಅದೇ ಪದ್ಧತಿ. ಜ್ವರದ ಬೇಸಿಗೆಯಲ್ಲಿ ಹಲಗೆಯನ್ನು ಒಯ್ದವನು ನೀನು. ಹದಿನೇಳು ವರ್ಷ ನಿನಗೆ. "ಬೋಚ್ ಮನೆಗೆ ಕೊಟ್ಟು ಬಾ" ಎಂದು ಹೇಳಿ ಕಳಿಸಿದವನು ನಾನು. ಬಾವಿಯ ಬಾಯಿ ಮುಚ್ಚಲು ಬಡಗಿ ಬಂದದ್ದು ನಾಲ್ಕನೆಯ ದಿನ. ಎರಡನೆಯ ದಿನ ತೋಮಾನ ಹೆಂಡತಿ ಸಾವೇತಾ ಅಲ್ಲಿ ನೀರು ಸೇದುವುದನ್ನು ನಿನ್ನ ಅಮ್ಮ ಕಂಡಿದ್ದಾಳೆ. ಬಟ್ಟೆ ಒಗೆಯಲಿಕ್ಕಿರಬೇಕು, ಯಾರಾದರೂ ಹೇಳಿಯೇ ಇರುತ್ತಾರೆ ಎಂದುಕೊಂಡಳಂತೆ. ಬೀದಿಯಲ್ಲಿ ಎಲ್ಲರೂ ಹಾಗೆಯೇ ಅಂದುಕೊಂಡರು.

ನೀನು ಆ ಸಾಲನ್ನು ಕೇಳಿದಾಗ ಇದನ್ನೆಲ್ಲ ಬರೆಯಬೇಕಿತ್ತು. ಬರೆಯಲಿಲ್ಲ. ಕಣಜದ ಕಥೆಯನ್ನು ಮುಂದಿಟ್ಟೆ. ಈಗ ನಿನ್ನ ಹೆಸರಿನ ಕೆಳಗೆ ಸುಳ್ಳು ಅಚ್ಚಾಗಿದೆ, ಅದನ್ನು ಕೊಟ್ಟವನು ನಾನು. ನಿನಗೆ ಮುಖ ತೋರಿಸುವುದಕ್ಕೂ ನಾಚಿಕೆಯಾಗುತ್ತದೆ. ತಿದ್ದುವುದಕ್ಕೆ ಏನು ಮಾಡಬೇಕೋ ಹೇಳು.

ನಿನ್ನ ಅಪ್ಪ


ಹರ್ಮಾನ್‌ಷ್ಟಾಟ್, 7 ಮೇ 1876

ಗೌರವದ ಅಪ್ಪನಿಗೆ,

ಕಾಯಿದೆ ಪಾಸಾಗಿದೆ. ಆದರೂ ಪೀಠದ ಬದಲಿಗೆ ಬರುವ ಹೊಸ ಕೌಂಟಿಗಳ ಗಡಿ ಇನ್ನೂ ಗೊತ್ತಾಗಿಲ್ಲ; ಚಕ್ರವರ್ತಿಗಳಿಗೆ ಮನವಿ ಹೋಗುತ್ತಿದೆ, ಅದಕ್ಕೆ ನನ್ನ ಪುಸ್ತಕವನ್ನು ಲಗತ್ತಿಸಿದ್ದಾರೆ. ಈ ಹೊತ್ತಿನಲ್ಲಿ ನೀವು ಬರೆದ ವಿಷಯ ಪೆಸ್ಟ್‌ನ ಒಂದು ಪತ್ರಿಕೆಗೆ ಸಿಕ್ಕಿದರೆ ಸಾಕು. ಸ್ಯಾಕ್ಸನ್ನರ ಸ್ವಾತಂತ್ರ್ಯವೆಂದರೆ ಇಷ್ಟೇ ಎಂದು ಬರೆಯುತ್ತಾರೆ, ಆರುನೂರೈವತ್ತು ವರ್ಷವೂ ಅದರೊಂದಿಗೆ ಕೊಚ್ಚಿಹೋಗುತ್ತದೆ.

ಮುಚ್ಚಿಡಿ ಎನ್ನುತ್ತಿಲ್ಲ. ಕಾಯಿರಿ ಎನ್ನುತ್ತಿದ್ದೇನೆ. ಶರತ್ಕಾಲದವರೆಗೆ ಯಾರೊಂದಿಗೂ ಮಾತನಾಡಬೇಡಿ, ಪಾದ್ರಿಗಳೊಂದಿಗೂ.

ಆಂದ್ರೇಸ್


ಎರ್ಲ್‌ಬಾಖ್, 18 ಜೂನ್ 1876

ಪ್ರೀತಿಯ ಆಂದ್ರೇಸ್,

ನೀನು ಹೇಳಿದಂತೆ ಸುಮ್ಮನಿದ್ದೇನೆ. ಸುಮ್ಮನಿರುವುದು ನನಗೆ ರೂಢಿಯೇ. ಹುಲ್ಲಿನ ಕೊಯ್ಲು ಶುರುವಾಗಿದೆ. ಹೊಲಕ್ಕೆ ಹೋಗಲು ಹಿತ್ತಲಿನ ದಾರಿ ಹಿಡಿಯುತ್ತೇನೆ.

ನಿನ್ನ ಅಪ್ಪ

ಅಮ್ಮನ ಎರಡು ಮಾತು. ಹಿತ್ತಲಿನ ದಾರಿಯೆಂದರೆ ಅರ್ಧ ಗಂಟೆ ಸುತ್ತು, ಗೊಬ್ಬರದ ಗುಂಡಿ ದಾಟಬೇಕು. ತೋಮಾ ಮೊನ್ನೆ ನನ್ನನ್ನು ಕೇಳಿದ: "ಯಜಮಾನ್ರಿಗೆ ಮುಂದಿನ ಬಾಗಿಲು ಮರ್ತೋಯ್ತಾ?" ನಗುತ್ತಲೇ ಕೇಳಿದ. ನಾನು ನಗಲಿಲ್ಲ. ನಿಮ್ಮ ದೊಡ್ಡ ವಿಷಯಗಳು ನನಗೆ ತಿಳಿಯುವುದಿಲ್ಲ, ಆಂದ್ರೇಸ್. ಆದರೆ ಅವತ್ತು ಬಾವಿಕಟ್ಟೆಗೂ ನನಗೂ ನಡುವೆ ಇಪ್ಪತ್ತು ಹೆಜ್ಜೆ ಇತ್ತು. ಕೂಗಿದ್ದರೆ ಕೇಳುತ್ತಿತ್ತು.


ಹರ್ಮಾನ್‌ಷ್ಟಾಟ್, 22 ಅಕ್ಟೋಬರ್ 1876

ಗೌರವದ ಅಪ್ಪನಿಗೆ,

ಮನವಿಗೆ ಉತ್ತರ ಬರಲಿಲ್ಲ. ಪೀಠ ಇನ್ನಿಲ್ಲ. ಕೌಂಟಿಯ ಅಧಿಕಾರಿಗಳು ಬಂದು ಕಚೇರಿಯ ಬೀಗದ ಕೈ ತೆಗೆದುಕೊಂಡರು. ಸಭ್ಯರೇ. ಒಬ್ಬರು ನನ್ನ ಪುಸ್ತಕ ಓದಿದ್ದೇನೆ, ಭಾಷೆ ಚೆನ್ನಾಗಿದೆ ಎಂದರು. ನನ್ನ ಕೆಲಸ ಉಳಿದಿದೆ, ಖಾಯಂ ಕೂಡ ಆಗಿದೆ. ಹಳೆಯ ದಾಖಲೆಗಳನ್ನು ಪೆಟ್ಟಿಗೆಗೆ ತುಂಬುವವರು ಅವರಿಗೂ ಬೇಕಲ್ಲ.

ಐದು ತಿಂಗಳಿಂದ ನಿಮಗೆ ಬರೆಯದೆ ಇದ್ದುದಕ್ಕೆ ಮನವಿಯ ನೆಪ ಹೇಳುತ್ತಿದ್ದೆ. ಈಗ ಆ ನೆಪವೂ ಇಲ್ಲ.

ನಿಮ್ಮ ಏಪ್ರಿಲ್‌ನ ಪತ್ರದಲ್ಲಿ ಒಂದು ತಪ್ಪಿದೆ. ಅವತ್ತು ನೀವು ಮನೆಯಲ್ಲಿ ಇರಲಿಲ್ಲ. ಮೇಲಿನ ಹುಲ್ಲುಗಾವಲಿಗೆ ಹೋಗಿದ್ದಿರಿ, ಮರುದಿನ ಬಂದಿರಿ. ಹಲಗೆಯನ್ನು ತಂದವನು ಅಮ್ಮನ ಕೈಗೆ ಕೊಟ್ಟ, ಅಮ್ಮನ ಕೈ ಹಿಟ್ಟಾಗಿತ್ತು, ನಾನು ಇಸಿದುಕೊಂಡೆ. ಬೋಚ್ ಮನೆಗೆ ಕೊಟ್ಟು ಬಾ ಎಂದು ಯಾರೂ ಹೇಳಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ.

ಇಲಿಂಕಾಳನ್ನು ನಾನು ಮರೆತಿರಲಿಲ್ಲ. ಅವಳು ಗೇಟಿನ ಮೇಲೆ ಹತ್ತಿ ಕೂತಿದ್ದಳು. ಹಲಗೆಯಲ್ಲಿ ಕೊರೆದ ಹಕ್ಕಿಯನ್ನು ಕಂಡು, "ಅಣ್ಣಾ, ಒಂದ್ಸಲ ಕೊಡು, ನೋಡಿ ಕೊಡ್ತೀನಿ," ಎಂದು ಕೈ ಚಾಚಿದಳು. ನಾನು ಹಲಗೆಯನ್ನು ತಲೆಯ ಮೇಲೆ ಎತ್ತಿ ಹಿಡಿದೆ. ಅವಳಿಗೆ ಎಟುಕದ ಹಾಗೆ. ಅದನ್ನು ಆಟವೆಂದುಕೊಂಡು ಅವಳು ನಕ್ಕಳು. ಹಾಗೆಯೇ ಎತ್ತಿ ಹಿಡಿದುಕೊಂಡು ಬೋಚ್ ಮನೆಗೆ ಹೋದೆ. ಕಾಗದದಲ್ಲಿ ಏನಿದೆ ಎಂದು ನಾನು ಓದಿದ್ದೆ.

ಜನವರಿಯಲ್ಲಿ ನಿಮಗೆ "ಕೆಳಬೀದಿಯಲ್ಲಿ ಒಬ್ಬರೂ ಸಾಯಲಿಲ್ಲ" ಎಂದು ಬರೆಯುವಾಗ ಅವಳು ನನಗೆ ಗೊತ್ತಿರಲಿಲ್ಲವೇ ಎಂದು ಕೇಳಿಕೊಂಡಿದ್ದೇನೆ. ಗೊತ್ತಿತ್ತು. ಲೆಕ್ಕಕ್ಕೆ ಬರುತ್ತಾಳೆ ಎಂದು ಮಾತ್ರ ಅನಿಸಲಿಲ್ಲ.

ನೀವು ಅವತ್ತು ಹೇಳದ ಮಾತನ್ನು ಹೇಳಿದೆ ಎಂದು ಹನ್ನೊಂದು ವರ್ಷ ಹೊತ್ತುಕೊಂಡಿದ್ದೀರಿ. ಅದನ್ನು ಇಳಿಸಿ.

ಆಂದ್ರೇಸ್


ಎರ್ಲ್‌ಬಾಖ್, 3 ಡಿಸೆಂಬರ್ 1876

ಪ್ರೀತಿಯ ಆಂದ್ರೇಸ್,

ಇಳಿಸುವುದಕ್ಕೆ ಆಗುವುದಿಲ್ಲ. ನಾನು ಹೇಳಲಿಲ್ಲವೆಂದರೆ ಇನ್ನೂ ಕೆಟ್ಟದಾಯಿತು. ಹೇಳದೆಯೇ ನಿನಗೆ ತಿಳಿಯುವ ಹಾಗೆ ನಾನು ಮೂರು ವರ್ಷ ಆ ಬಾಗಿಲು ದಾಟಿ ನಡೆದಿದ್ದೆ.

ಮೊನ್ನೆ ಶನಿವಾರ ಮುಂದಿನ ಬಾಗಿಲಿನಿಂದಲೇ ಹೊರಟು ತೋಮಾನ ಮನೆಗೆ ಹೋದೆ. ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ. ಸಾವೇತಾ ತೀರಿಕೊಂಡಾಗಲೂ ಗೇಟಿನ ಹತ್ತಿರವೇ ಟೋಪಿ ತೆಗೆದು ನಿಂತಿದ್ದೆ. ಅವನು ಮೆಕ್ಕೆಜೋಳದ ಮುದ್ದೆಯನ್ನು ದಾರದಿಂದ ಕತ್ತರಿಸುತ್ತಿದ್ದ. ಕೂರಲು ಹೇಳಿ, ನನಗೂ ಒಂದು ಹೋಳು ಇಟ್ಟ. ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ, ನಿನ್ನದನ್ನೂ ಸೇರಿಸಿ. ಅವನು ಪೂರ್ತಿ ಕೇಳಿದ.

"ಈಗ್ಯಾಕೆ ಬಂದ್ರಿ?" ಎಂದ. "ಪೀಠ ಹೋಯ್ತು ಅಂತಾನಾ? ನಿಮ್ ಕೈಲಿ ಎಲ್ಲ ಇದ್ದಾಗ ಬಂದಿದ್ರೆ ಒಂದು ಮಾತು. ಈಗ ನೀವೂ ನಾನೂ ಒಂದೇ ಕೌಂಟಿ."

ನಿಜವೆಂದೆ.

"ಹಲಗೆ ನಮ್ಮನೆಗೆ ಬರಲ್ಲ ಅಂತ ನಂಗ್ ಗೊತ್ತಿತ್ತು, ಯಜಮಾನ್ರೇ. ಹೆಣ ಹೊರೋಕೆ ನಮ್ಮನ್ನ ಕರೀಬೇಡಿ, ದ್ರಾಕ್ಷಾರಸ ಕುಡಿಯೋಕೆ ಕರೀಬೇಡಿ, ನಂಗೇನು. ಆದ್ರೆ ಬಾಯಿ ಇತ್ತಲ್ಲ ನಿಮ್ಗೆ. ಬೇಲಿ ಇಷ್ಟೇ ಎತ್ತರ."

ಕ್ಷಮೆ ಕೇಳಿದೆ. ಅವನು ತಲೆಯಾಡಿಸಿದ, ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ. "ಅಡುಗೆಮನೇಲಿ ಕೇಳಿದ್ದು ಅಡುಗೆಮನೇಲೇ ಇರುತ್ತೆ. ವರ್ಷಕ್ಕೊಂದ್ಸಲ ರಾಜಿ ದಿನ ಅಂತ ಸೇರ್ತೀರಲ್ಲ, ಒಬ್ಬೊಬ್ರೇ ಎದ್ದು ತಪ್ಪು ಒಪ್ಕೊಂಡು ಕೈ ಕೊಡ್ತೀರಲ್ಲ, ಅಲ್ಲಿ ಹೇಳಿ. ನಾನು ಬರಲ್ಲ. ನಂಗೆ ಕೇಳಿಸ್ಬೇಕಾಗಿಲ್ಲ. ಅವ್ರಿಗೆ ಕೇಳಿಸ್ಲಿ."

ಮುದ್ದೆಯನ್ನು ತಿಂದು ಬಂದೆ. ಹಾಲು ಹಾಕಿದ್ದ.

ನಿನ್ನ ಅಪ್ಪ


ಹರ್ಮಾನ್‌ಷ್ಟಾಟ್, 14 ಜನವರಿ 1877

ಗೌರವದ ಅಪ್ಪನಿಗೆ,

ನೀವು ಕಳಿಸಿದ ನಕಲುಗಳನ್ನೂ ಇಲ್ಲಿನ ದಾಖಲೆಗಳನ್ನೂ ಮತ್ತೆ ಪೂರ್ತಿ ಓದಿದೆ. ತೋಮಾನನ್ನು ಸೇರಿಸಿಕೊಳ್ಳಬಾರದೆಂಬ ತೀರ್ಮಾನ ಎಲ್ಲಾದರೂ ಇದೆಯೇ ಎಂದು ನೋಡಿದೆ. ಇದ್ದಿದ್ದರೆ ಅದರ ಹಿಂದೆ ನಿಂತುಕೊಳ್ಳಬಹುದಿತ್ತು. ಇಲ್ಲ. ಹೊರಗಿನವರಿಗೆ ಮನೆ ಮಾರಬಾರದೆಂಬ ಹಳೆಯ ಕಟ್ಟಳೆ ನನ್ನ ಮುತ್ತಜ್ಜನ ಕಾಲಕ್ಕೇ ರದ್ದಾಗಿದೆ. ಅದನ್ನು ಪುಸ್ತಕದಿಂದ ಹೊಡೆದುಹಾಕಿದ್ದರು, ನಾವು ಬೀದಿಯಲ್ಲಿ ಉಳಿಸಿಕೊಂಡೆವು.

ಕಾಯಿರಿ ಎಂದು ಹೇಳುವ ಹಕ್ಕು ನನಗಿನ್ನಿಲ್ಲ. ನಿಮಗೆ ಹೇಗೆ ತೋರುತ್ತದೋ ಹಾಗೆ ಮಾಡಿ. ನನ್ನ ಹೆಸರನ್ನು ಬಿಡಬೇಡಿ.

ಆಂದ್ರೇಸ್


ಎರ್ಲ್‌ಬಾಖ್, 11 ಫೆಬ್ರವರಿ 1877

ಪ್ರೀತಿಯ ಆಂದ್ರೇಸ್,

ಬುಧವಾರ ರಾಜಿಯ ದಿನ. ಇವತ್ತು ಚರ್ಚಿನಿಂದ ಬರುವಾಗ ಮಥಿಯಾಸ್ ಲುಚ್‌ಗೆ ವಿಷಯ ತಿಳಿಸಿದೆ. 1865ರಲ್ಲಿ ಆ ಸಾಲನ್ನು ಬರೆದವನು ಅವನು, ಎಲ್ಲರ ಎದುರಿಗೆ ಮೊದಲ ಸಲ ಕೇಳುವುದು ಸರಿಯಲ್ಲ ಎನಿಸಿತು. ಎಂಬತ್ತು ದಾಟಿದ್ದಾನೆ. ಕೋಲೂರಿ ರಸ್ತೆಯ ನಡುವೆಯೇ ನಿಂತುಬಿಟ್ಟ.

"ಸಿಮೋನಾ, ನಿಂಗೆ ಬುದ್ಧಿ ಕೆಟ್ಟಿದೆಯಾ? ಇದ್ದದ್ದೆಲ್ಲ ಕಿತ್ಕೊಂಡ್ರು. ಉಳ್ದಿರೋದು ಇದೊಂದು ಕೂಟ. ಅದ್ರ ಮುಖಕ್ಕೂ ನೀನೇ ಮಸಿ ಬಳೀತೀಯಾ?"

"ಮಸಿ ಆಗ್ಲೇ ಇದೆ, ಮಾವ," ಎಂದೆ.

"ಕಟ್ಟಳೇಲಿ ಎಲ್ಲಿದೆ ತೋರ್ಸು. ರಾಜಿ ಅಂದ್ರೆ ನೆರೆಯವನಿಗೂ ನೆರೆಯವನಿಗೂ ನಡುವೆ. ಅವ್ನು ನೆರೆಯವನಾ?"

"ನನ್ ಮನೆ ಗೋಡೆಗೆ ಅವನ ಗೋಡೆ ತಾಗಿದೆ," ಎಂದೆ. ಲುಚ್ ಕೋಲೂರಿಕೊಂಡು ಹೊರಟ. ಸ್ವಲ್ಪ ದೂರ ಹೋದ ಮೇಲೆ ತಿರುಗಿ, "ನಾನು ಲೆಕ್ಕ ಸರಿಯಾಗೇ ಬರ್ದಿದ್ದೆ," ಎಂದ. ಅವನ ಧ್ವನಿ ಜಗಳದ್ದಾಗಿರಲಿಲ್ಲ. ಬಹುಶಃ ಅವನು ಬುಧವಾರ ಬರುವುದಿಲ್ಲ. ಬೋಚ್ ಬಂದರೂ ನಡುವೆ ಎದ್ದು ಹೋದಾನು. ನನ್ನನ್ನು ಹಿರಿಯನ ಸ್ಥಾನದಿಂದ ತೆಗೆಯುತ್ತಾರೆ, ಅದು ಖಂಡಿತ. ನೆರೆಕೂಟದಿಂದಲೇ ಹೊರಹಾಕಿದರೆ ನನ್ನ ಹೆಣ ಹೊರುವುದಕ್ಕೆ ಯಾರು ಬರುತ್ತಾರೆ ಎಂದು ನಿನ್ನ ಅಮ್ಮನನ್ನು ಕೇಳಿದೆ. "ತೋಮಾ ಒಂದು ಕಡೆ ಹಿಡೀತಾನೆ, ಇನ್ನೊಂದು ಕಡೆ ನಿಮ್ ಮಗ. ಭಾರ ಕಮ್ಮಿ ಮಾಡ್ಕೊಳ್ಳಿ," ಎಂದಳು. ಬಾವಿಕಟ್ಟೆಯ ಹತ್ತಿರ ತಾನು ಕಂಡದ್ದನ್ನೂ ಹೇಳಬೇಕೆಂದಿದ್ದಾಳೆ. ಹೆಂಗಸರಿಗೆ ಆ ಸಭೆಯಲ್ಲಿ ಮಾತಿಲ್ಲ, ಅದಕ್ಕೆ ಅವಳದನ್ನೂ ನಾನೇ ಹೇಳುತ್ತೇನೆ.

ಸಭೆ ಶುರುವಾಗುವಾಗ ಪದ್ಧತಿಯಂತೆ ಹಿರಿಯ ಕೇಳುತ್ತಾನೆ, ಯಾರ ಮನಸ್ಸಿನಲ್ಲಾದರೂ ಏನಾದರೂ ಇದೆಯೇ ಎಂದು. ಕೇಳುವವನೂ ನಾನೇ, ಎದ್ದು ನಿಲ್ಲುವವನೂ ನಾನೇ ಆಗುತ್ತೇನೆ. ಪುಸ್ತಕವನ್ನು ತೆರೆದು, 1865ರ ಸಾಲಿನ ಕೆಳಗೆ ಅವರ ಎದುರಿಗೇ ಬರೆದು ಓದುತ್ತೇನೆ. ಮೊದಲೇ ಬರೆದಿಟ್ಟರೆ ಅದು ಕಾಗದವಷ್ಟೇ ಆಗುತ್ತದೆ. ಬರೆಯುವುದು ಇಷ್ಟು, ತಪ್ಪಿದ್ದರೆ ತಿಳಿಸು, ನಿನ್ನ ಉತ್ತರ ಅಷ್ಟರೊಳಗೆ ಬರಲಾರದೆಂದು ಗೊತ್ತಿದ್ದರೂ:

"ಬೀದಿಯಲ್ಲಿ ಮೂವತ್ತೆರಡು ಮನೆಗಳಿದ್ದವು. ಗುನೆಶ್ ಮನೆಯವರು ಹಲಗೆಯನ್ನು ಪಕ್ಕದ ಮನೆಗೆ ಕೊಡಲಿಲ್ಲ. ಆ ಮನೆಯಲ್ಲಿ ತೋಮಾ ಬುಕುರ್‌ನ ಮಗಳು ಇಲಿಂಕಾ, ಆರು ವರ್ಷ, ಜುಲೈ ತಿಂಗಳಲ್ಲಿ ಸತ್ತಳು. ಸಿಮೋನ್ ಗುನೆಶ್, ಅಗ್ನೇಟಾ ಗುನೆಶ್, ಆಂದ್ರೇಸ್ ಗುನೆಶ್."

ಬಾ ಎಂದು ಕರೆಯುತ್ತಿಲ್ಲ, ಬರಬೇಡವೆಂದೂ ಹೇಳುತ್ತಿಲ್ಲ. ಸಭೆ ಒಂಬತ್ತು ಗಂಟೆಗೆ.

ನಿನ್ನ ಅಪ್ಪ,
ಸಿಮೋನ್ ಗುನೆಶ್